ಬಿಗ್ ಬಾಸ್‌ಗೆ ಹೋಗಿ ಬಂದರೆ ಬಿಸಿನೆಸ್ ಸೆಟ್ಲ್ ಆಗುತ್ತಾ?

ತುಮಕೂರು_ಮಾವ

ನನ್ನ ಅಕ್ಕನ ಮಗ ತುಮಕೂರಿನಲ್ಲಿ ದೋಸೆ ಹಿಟ್ಟು, ಇಡ್ಲಿ ಹಿಟ್ಟು ಪ್ಯಾಕೆಟ್ ಮಾಡಿ ಅಂಗಡಿಗಳಿಗೆ ಹಾಕುತ್ತಾನೆ. ರಾತ್ರಿಯೆಲ್ಲ ಗ್ರೈಂಡರ್ ಓಡುತ್ತೆ, ಬೆಳಿಗ್ಗೆ ಏಳರೊಳಗೆ ಸ್ಕೂಟರ್‌ನಲ್ಲಿ ಲೈನ್ ಮುಗಿಸುತ್ತಾನೆ. ಸಾಲ ಇಲ್ಲ, ಹೇಳಿಕೊಳ್ಳುವಂಥ ಲಾಭವೂ ಇಲ್ಲ. ಜೊತೆಗೆ ರೀಲ್ಸ್ ಮಾಡುತ್ತಾನೆ. ಹಿಟ್ಟು ತುಂಬುತ್ತಾ ಊರಿನ ಜಗಳಗಳಿಗೆ ಕ್ರಿಕೆಟ್ ಕಾಮೆಂಟರಿ ಥರ ಕಾಮೆಂಟರಿ. ಚೆನ್ನಾಗೇ ಓಡುತ್ತಿವೆ.

ಈಗ ಬಿಗ್ ಬಾಸ್ ಹುಚ್ಚು ಹತ್ತಿದೆ. ಒಂದು ನೋಟ್‌ಬುಕ್ಕಿನಲ್ಲಿ ಪ್ಲಾನ್ ಬರೆದು ನನಗೆ ತೋರಿಸಿದ. ಎಡಗಡೆ ಖರ್ಚು: ಒಳ್ಳೆ ಫೋನು, ಬಟ್ಟೆ, ಹಲ್ಲು ಕ್ಲೀನಿಂಗು, ಫಾಲೋವರ್ಸ್ ಹೆಚ್ಚಿಸಿಕೊಡುವವನ ತಿಂಗಳ ಫೀಸು, 'ಕೋಆರ್ಡಿನೇಟರ್'ಗೆ ಅಡ್ವಾನ್ಸು. ಬಲಗಡೆ ಆದಾಯ: ವಾರದ ಪೇಮೆಂಟು, ಗೆದ್ದರೆ 50 ಲಕ್ಷ, ಉದ್ಘಾಟನೆಗಳು, ಜಾಹೀರಾತು, ಸಿನಿಮಾ. ಹಿಟ್ಟಿನ ವ್ಯಾಪಾರ ಎರಡೂ ಕಡೆ ಇಲ್ಲ. ಅದನ್ನು ಮುಚ್ಚುತ್ತಾನಂತೆ.

"ಮಾವ, ಇದೂ ಬಿಸಿನೆಸ್ಸೇ. ಇಲ್ಲಿ ನಾನೇ ಮಾಲು" ಅನ್ನುತ್ತಾನೆ. ಬೈದರೆ ಕೇಳುವ ವಯಸ್ಸಲ್ಲ. ಇಲ್ಲಿ ಟಿವಿ, ಈವೆಂಟು, ಟ್ಯಾಕ್ಸು ಬಲ್ಲವರು ಇದ್ದೀರಿ. ಆ ಬಲಗಡೆ ಕಾಲಂ ಎಷ್ಟು ನಿಜ? ಟಿವಿಯಲ್ಲಿ ಹೆಸರು ಮಾಡುವುದನ್ನು ವ್ಯಾಪಾರದಲ್ಲಿ ಗೆದ್ದಂತೆ ಅಂತ ಲೆಕ್ಕ ಹಾಕಬಹುದಾ?

ಸುಮ್ನೆ_ಓದುಗ

ಆ ಕೋಆರ್ಡಿನೇಟರ್‌ಗೆ ಅಡ್ವಾನ್ಸ್ ಕೊಟ್ಟಾಗಿದೆಯಾ? ಮಿಕ್ಕಿದ್ದು ಆಮೇಲೆ ಮಾತಾಡೋಣ.

ತುಮಕೂರು_ಮಾವ

ಇನ್ನೂ ಇಲ್ಲ. 'ಒಳಗಡೆ ನಮ್ಮ ಜನ ಇದ್ದಾರೆ' ಅಂದಿದ್ದಾನಂತೆ.

ಟಿಆರ್‌ಪಿ_ತಾತ

ಕೊಡಬೇಡಿ. ಇಂಥ ಶೋಗಳಲ್ಲಿ ದುಡ್ಡು ಚಾನೆಲ್ ಕಡೆಯಿಂದ ಸ್ಪರ್ಧಿ ಕಡೆಗೆ ಹೋಗುತ್ತೆ, ಉಲ್ಟಾ ಅಲ್ಲ. ಕಿರುತೆರೆ ಪ್ರೊಡಕ್ಷನ್‌ನಲ್ಲಿ ಕೂದಲು ಹಣ್ಣು ಮಾಡಿಕೊಂಡವನು ನಾನು. ಸೀಟು ಕೊಡಿಸುತ್ತೇನೆ ಅಂತ ಯಾವನಾದರೂ ಕಾಸು ಕೇಳಿದರೆ ಅವನ ಬಿಸಿನೆಸ್ ಅದೇ, ಅಷ್ಟೇ.

ಕಾಸ್ಟಿಂಗ್ ಹೇಗೆ ನಡೆಯುತ್ತೆ ಅಂತ ಹುಡುಗನಿಗೆ ಹೇಳಿ. ಮನೆಗೆ ಒಂದು ಸೀರಿಯಲ್ ಮುಖ ಬೇಕು, ಒಬ್ಬ ಕಾಮಿಡಿಯವನು ಬೇಕು, ಸುದ್ದಿಯಲ್ಲಿ ಕೆಟ್ಟ ಹೆಸರು ಮಾಡಿದವರು ಒಬ್ಬರು, ಒಬ್ಬ ಗಾಯಕ, ಹಳ್ಳಿ ಕಡೆಯವರು ಒಬ್ಬರು. ಖಾಲಿ ಜಾಗಕ್ಕೆ ಹೊಂದುವವರನ್ನು ಹುಡುಕುತ್ತಾರೆ. 'ಪ್ರತಿಭೆ' ಅಂತ ಬೇರೆ ಖಾನೆ ಇಲ್ಲ. ಇವನು ರೀಲ್ಸ್ ಹುಡುಗ. ಆ ಸೀಟಿಗೆ ರಾಜ್ಯದ ಪ್ರತಿ ತಾಲ್ಲೂಕಿನಲ್ಲೂ ಕ್ಯೂ ಇದೆ.

ಸಾಮಾನ್ಯ ಜನರಿಗೆ ಬಾಗಿಲು ಮುಚ್ಚಿದೆ ಅಂತ ಹೇಳುತ್ತಿಲ್ಲ. ಐದನೇ ಸೀಸನ್‌ನಲ್ಲಿ ಸೇಲ್ಸ್‌ಮನ್ ಆಗಿದ್ದ ದಿವಾಕರ್ ಕೊನೆವರೆಗೂ ಬಂದರು, ಚಂದನ್ ಶೆಟ್ಟಿ ಗೆದ್ದರು, ಇವರು ರನ್ನರ್ ಅಪ್. ಆರನೇ ಸೀಸನ್ ಗೆದ್ದ ಶಶಿಕುಮಾರ್ ಒಳಗೆ ಹೋಗಿದ್ದೇ 'ಮಾಡರ್ನ್ ರೈತ' ಅನ್ನುವ ಹೆಸರಲ್ಲಿ. ಆದರೆ ಅದರ ಮೇಲೆ ಅಂಗಡಿ ಮುಚ್ಚುವ ಪ್ಲಾನ್ ಕಟ್ಟುವುದು ಬೇರೆ ವಿಷಯ.

ಲೆಕ್ಕಪತ್ರ

50 ಲಕ್ಷದ ಸಾಲು ನನಗೆ ಬಿಡಿ.

ಗೇಮ್ ಶೋ ಬಹುಮಾನ ಲಾಟರಿ ಗೆದ್ದ ದುಡ್ಡಿನ ಸಾಲಿಗೇ ಸೇರುತ್ತೆ. ಶೇ 30 ಕೈಗೆ ಬರುವ ಮುಂಚೆಯೇ ಕಟ್, ಅಂದರೆ 15 ಲಕ್ಷ. ಶೇ 4 ಸೆಸ್ ಸೇರಿಸಿದರೆ ಶೇ 31.2. ವಾರದ ಪೇಮೆಂಟೂ ಸೇರಿ ಆ ವರ್ಷದ ಆದಾಯ 50 ಲಕ್ಷ ದಾಟೇ ದಾಟುತ್ತೆ ಅಲ್ವಾ? ಆಗ ತೆರಿಗೆ ಮೇಲೆ ಶೇ 10 ಸರ್‌ಚಾರ್ಜ್. ಬಹುಮಾನದ ಮೇಲಿನ ತೆರಿಗೆಯೇ ಸುಮಾರು 17 ಲಕ್ಷ 16 ಸಾವಿರಕ್ಕೆ ಬಂದು ನಿಲ್ಲುತ್ತೆ. ಉಳಿದದ್ದು 33 ಲಕ್ಷಕ್ಕೂ ಸ್ವಲ್ಪ ಕಮ್ಮಿ.

ಇದರಲ್ಲಿ ಜನ ಗಮನಿಸದ ವಿಷಯ ಇನ್ನೊಂದಿದೆ. ಈ ಆದಾಯದ ಎದುರು ಯಾವ ಖರ್ಚನ್ನೂ ತೋರಿಸಲು ಬಿಡುವುದಿಲ್ಲ. ಬಟ್ಟೆಗೆ ಎಷ್ಟೇ ಸುರಿದಿರಲಿ, ಹೊರಗಡೆ ಪಿಆರ್‌ನವರಿಗೆ ಎಷ್ಟೇ ಕೊಟ್ಟಿರಲಿ, ಬಹುಮಾನದಿಂದ ಒಂದು ರೂಪಾಯಿ ಕಳೆಯುವಂತಿಲ್ಲ. ಬೇರೆ ಆದಾಯವೇ ಇಲ್ಲದಿದ್ದರೂ, ಎಲ್ಲರಿಗೂ ಸಿಗುವ ಮೂಲ ವಿನಾಯಿತಿ ಇದಕ್ಕಿಲ್ಲ. ಕಾರು ಕೊಟ್ಟರೆ ಅದರ ಬೆಲೆಗೂ ಟ್ಯಾಕ್ಸು, ಅದು ಕಟ್ಟಿದ ಮೇಲೇ ಕೀ. ಅಂದರೆ ಸರ್ಕಾರದ ಕಣ್ಣಿಗೆ ಇದು ವ್ಯಾಪಾರದ ಲಾಭ ಅಲ್ಲವೇ ಅಲ್ಲ, ಅದೃಷ್ಟದ ದುಡ್ಡು. ಮಾವನ ಪ್ರಶ್ನೆಗೆ ಕಾನೂನಿನ ಉತ್ತರ ಅದು.

ವಾರದ ಪೇಮೆಂಟು ಬೇರೆ. ಅದು ವೃತ್ತಿಯ ಫೀಸು. ಖರ್ಚು ಕಳೆಯಬಹುದು, ಉಳಿದಿದ್ದಕ್ಕೆ ಮಾಮೂಲಿ ಸ್ಲ್ಯಾಬು. ಆಮೇಲೆ ಉದ್ಘಾಟನೆ, ಪ್ರೊಮೋಷನ್ ಎಲ್ಲ ಸೇರಿ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ, ಶೇ 18. ಕಂಪನಿಯವರು 'ಗಿಫ್ಟ್' ಅಂತ ಫೋನು ಕಳಿಸಿದರೂ ವರ್ಷದಲ್ಲಿ 20 ಸಾವಿರ ಮೀರಿದರೆ ಶೇ 10 ಟಿಡಿಎಸ್, ಅಂದರೆ ಕೊಡುವವರೇ ಮೊದಲು ಹಿಡಿದು ಕಟ್ಟುವ ತೆರಿಗೆ. ಈ ನಿಯಮ 2022ರ ಜುಲೈನಿಂದ ಇದೆ. ರೀಲ್ಸ್ ಮಾಡುವ ಅರ್ಧ ಹುಡುಗರಿಗೆ ನೋಟಿಸ್ ಬಂದಾಗಲೇ ಇದು ಗೊತ್ತಾಗುವುದು.

ಪೆಂಡಾಲ್_ಪುರಾಣ

ಮಂಡ್ಯ, ಮದ್ದೂರು, ಕನಕಪುರ ಕಡೆ ಊರಹಬ್ಬ, ಆರ್ಕೆಸ್ಟ್ರಾ, ಅಂಗಡಿ ಓಪನಿಂಗು ಮಾಡಿಸುವುದೇ ನನ್ನ ಹೊಟ್ಟೆಪಾಡು. ಉದ್ಘಾಟನೆ ಸಾಲಿನ ಸತ್ಯ ನಾನು ಹೇಳುತ್ತೇನೆ.

ಎಲ್ಲ ನಿಂತಿರುವುದು ಕ್ಯಾಲೆಂಡರ್ ಮೇಲೆ. ಹತ್ತನೇ ಸೀಸನ್ ಫಿನಾಲೆ 2024ರ ಜನವರಿ 28ಕ್ಕೆ, ಹನ್ನೊಂದನೆಯದು 2025ರ ಜನವರಿ 26ಕ್ಕೆ. ಅಲ್ಲಿಂದ ಶಿವರಾತ್ರಿ, ಜಾತ್ರೆ, ಕಾಲೇಜ್ ಡೇ, ಯುಗಾದಿ. ಇದೇ ಬಂಗಾರದ ಕಾಲ. ಫಿನಾಲೆ ವಾರ ಫೋನ್ ಮಾಡಿದರೆ ಮ್ಯಾನೇಜರ್ 'ಡೇಟ್ ಇಲ್ಲ ಸಾರ್' ಅನ್ನುತ್ತಾನೆ. ಯುಗಾದಿ ದಾಟಿದ ಮೇಲೆ ಅವನೇ ಫೋನ್ ಮಾಡಿ 'ನಿಮ್ಮ ಕಡೆ ಏನಾದರೂ ಇದೆಯಾ ಅಣ್ಣ' ಅನ್ನುತ್ತಾನೆ. ಆಷಾಢ ಬಂತೋ, ಯಾರೂ ಅಂಗಡಿ ಪೂಜೆ ಇಟ್ಟುಕೊಳ್ಳುವುದಿಲ್ಲ, ಎಲ್ಲ ಸ್ತಬ್ಧ. ಗಣೇಶನಿಗೆ ಸ್ವಲ್ಪ ಉಸಿರು. ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮೊದಲಿಗೋ ಹೊಸ ಸೀಸನ್ ಶುರುವಾಗುತ್ತೆ, ಹಳಬರ ಹೆಸರು ಬ್ಯಾನರ್‌ನಲ್ಲಿ ಕೆಳಗಿನ ಸಾಲಿಗೆ ಇಳಿಯುತ್ತೆ.

ಒಂದು ಮಜಾ ಇದೆ. ನವೆಂಬರ್‌ನಲ್ಲಿ ರಾಜ್ಯೋತ್ಸವ ತಿಂಗಳಿಡೀ ನಡೆಯುತ್ತೆ, ಬೀದಿಗೊಂದು ಸ್ಟೇಜು. ಆದರೆ ಆ ವರ್ಷದ ಹೊಸ ಮುಖಗಳು ಮನೆಯೊಳಗೆ ಬಂದ್. ಹಾಗಾಗಿ ಹಳಬರಿಗೆ ಕೊನೆಯ ಒಂದು ಸುತ್ತು ಸಿಗುತ್ತೆ. ಬುದ್ಧಿವಂತರು ಆ ನವೆಂಬರ್ ನಂಬಿ ಕೂರುವುದಿಲ್ಲ, ಅಷ್ಟರಲ್ಲಿ ಒಂದು ಸೀರಿಯಲ್ಲೋ ಸಿನಿಮಾವೋ ಹಿಡಿದಿರುತ್ತಾರೆ.

ಇನ್ನು ಕರೆಸಿದವರಿಗೆ ಏನು ಲಾಭ? ಒಂದು ಮೊಬೈಲ್ ಅಂಗಡಿ ಓಪನಿಂಗ್ ಹೇಳುತ್ತೇನೆ. ಅತಿಥಿ ಎರಡು ಗಂಟೆ ಲೇಟು. ಇಬ್ಬರು ಬೌನ್ಸರ್, ಕಪ್ಪು ಗ್ಲಾಸು. ಟೇಪ್ ಕಟ್ ಮಾಡಿದರು, ಮನೆಯಲ್ಲಿ ಹೇಳುತ್ತಿದ್ದ ಡೈಲಾಗ್ ಹೇಳಿದರು, ಒಂದು ಸ್ಟೆಪ್ ಹಾಕಿದರು, ಹೊರಟರು. ರಸ್ತೆ ಬಂದ್ ಆಗುವಷ್ಟು ಜನ. ಹುಡುಗರು ಕೌಂಟರ್ ಮೇಲೆ ಹತ್ತಿ ಸೆಲ್ಫಿ ತೆಗೆದುಕೊಂಡು ಶೋಕೇಸ್ ಗಾಜು ಒಡೆದರು. ಸಾಯಂಕಾಲ ಮಾಲೀಕರು ಬಿಲ್ ಬುಕ್ ತಿರುಗಿಸಿದರೆ ಟೆಂಪರ್ಡ್ ಗ್ಲಾಸು, ಬ್ಯಾಕ್ ಕವರು. ಒಂದು ಫೋನೂ ಹೋಗಿರಲಿಲ್ಲ. ನನ್ನ ಬಾಕಿ ದುಡ್ಡು ಕೊಡುವಾಗ ಆ ಮನುಷ್ಯನ ಮುಖ ನೋಡಲು ಆಗಲಿಲ್ಲ.

ಬನಶಂಕರಿ_ಬೈಟು

ಅದು ಕರೆಸಿದವರ ತಪ್ಪು ಲೆಕ್ಕ. ಖ್ಯಾತಿಯದ್ದಲ್ಲ. ಶೈನ್ ಶೆಟ್ಟಿಯನ್ನು ಯಾಕೆ ಮರೆತಿರಿ?

ಸೀರಿಯಲ್‌ನಲ್ಲಿ ಹೆಸರು ಮಾಡಿದ್ದರು, ನಡುವೆ ಕೆಲಸ ಕಮ್ಮಿಯಾಯಿತು. ಬನಶಂಕರಿ ಕಡೆ 'ಗಲ್ಲಿ ಕಿಚನ್' ಅಂತ ಫುಡ್ ಟ್ರಕ್ ಹಾಕಿದರು. ಹೀರೋ ಆಗಿದ್ದವನು ತವಾ ಮುಂದೆ ನಿಲ್ಲುವುದಾ ಅಂತ ಹಿಂಜರಿಯಲಿಲ್ಲ. ಆಮೇಲೆ ಏಳನೇ ಸೀಸನ್‌ಗೆ ಹೋದರು, ಗೆದ್ದರು. ಮನೆಯೊಳಗೆ ಅಡುಗೆ ಮಾಡಿದಾಗಲೆಲ್ಲ, ಮಾತಾಡಿದಾಗಲೆಲ್ಲ ಟ್ರಕ್‌ಗೆ ಪುಕ್ಕಟೆ ಜಾಹೀರಾತು. ಟಿವಿಯಲ್ಲಿ ಹತ್ತು ಸೆಕೆಂಡ್ ಜಾಗ ಕೊಳ್ಳಲು ಕಂಪನಿಗಳು ಎಷ್ಟು ಸುರಿಯುತ್ತವೆ ಗೊತ್ತಲ್ಲ.

ನೋಡಬೇಕಾದ್ದು ಏನು ಅಂದರೆ, ಜನ ಹುಡುಕಿಕೊಂಡು ಬಂದಾಗ ಬಂದು ನಿಲ್ಲಲು ಒಂದು ಜಾಗ ಇತ್ತು. ಮೊಬೈಲ್ ಅಂಗಡಿಗೆ ಬಂದ ಜನ ಅಂಗಡಿಯವನ ಜನ ಅಲ್ಲ, ಸೆಲೆಬ್ರಿಟಿಯ ಜನ. ಆ ಸೆಲೆಬ್ರಿಟಿಗೆ ಸ್ವಂತ ಕೌಂಟರ್ ಇರಲಿಲ್ಲ. ಎಲ್ಲರೂ ಬಂದರು, ಯಾರಿಗೂ ವ್ಯಾಪಾರ ಆಗಲಿಲ್ಲ. ಮಾವ, ನಿಮ್ಮ ಹುಡುಗ ಮುಚ್ಚಬೇಕು ಅಂತ ಇರುವುದೇ ಆ ಕೌಂಟರ್.

ಹಂಪಿ_ಎಕ್ಸ್‌ಪ್ರೆಸ್

ಶೈನ್ ಗೆದ್ದಿದ್ದು 2020ರ ಫೆಬ್ರವರಿ ಮೊದಲ ವಾರ. ಮಾರ್ಚ್ 24ರ ರಾತ್ರಿ ಲಾಕ್‌ಡೌನ್. ಪೆಂಡಾಲ್ ಅಣ್ಣ ಹೇಳಿದ ಬಂಗಾರದ ಕಾಲ ಪೂರ್ತಿ ನುಂಗಿ ಹೋಯಿತು. ಎಂಟನೇ ಸೀಸನ್ ಅಂತೂ 2021ರಲ್ಲಿ ಕೋವಿಡ್ ಅಂತ ಅರ್ಧಕ್ಕೆ ನಿಂತು, ಮತ್ತೆ ಶುರುವಾಗಿ ಆಗಸ್ಟ್‌ನಲ್ಲಿ ಮುಗಿಯಿತು. ಮಂಜು ಪಾವಗಡ ಗೆದ್ದರು. ಈ ಮಾಲಿಗೆ ಗೋಡೌನ್ ಇಲ್ಲ. ದೋಸೆ ಹಿಟ್ಟಿನ ಹಾಗೆ, ಹುಳಿ ಬರುವ ಮುಂಚೆ ಹುಯ್ದುಬಿಡಬೇಕು.

ಸವಣೂರ_ವೀಳ್ಯ

ಎಲ್ಲರೂ ಬೆಂಗಳೂರು, ಮಂಡ್ಯ ಅಂತಲೇ ಮಾತಾಡುತ್ತಿದ್ದೀರಿ. ನಮ್ಮ ಕಡೆಯ ಹನುಮಂತನನ್ನು ನೋಡಿ. ಸವಣೂರು ತಾಲ್ಲೂಕಿನ ಚಿಲ್ಲೂರ ಬಡ್ನಿ. ಕುರಿ ಕಾಯುತ್ತಿದ್ದ ಹುಡುಗ, ಜಾನಪದ ಹಾಡುತ್ತಿದ್ದ. ಸರಿಗಮಪದಲ್ಲಿ ರನ್ನರ್ ಅಪ್ ಆದ. ಆಮೇಲೆ ಹನ್ನೊಂದನೇ ಸೀಸನ್‌ಗೆ ವೈಲ್ಡ್ ಕಾರ್ಡ್‌ನಲ್ಲಿ ಹೋಗಿ ಗೆದ್ದೇ ಬಿಟ್ಟ. ಲುಂಗಿ ಬಿಡಲಿಲ್ಲ, ಭಾಷೆ ಬದಲಾಯಿಸಲಿಲ್ಲ. 5 ಕೋಟಿಗೂ ಜಾಸ್ತಿ ವೋಟು ಬಿತ್ತು.

ಅವನ ಹತ್ತಿರ ಯಾವ ಫುಡ್ ಟ್ರಕ್ ಇತ್ತು? ಗಂಟಲು ಇತ್ತು. ಅದೇ ಕೌಂಟರ್. ಉತ್ತರ ಕರ್ನಾಟಕದಲ್ಲಿ ಜಾತ್ರೆಗೆ ಹಾಡುವವರಿಗೆ ವರ್ಷವಿಡೀ ಕೆಲಸ ಇರುತ್ತೆ. ಟಿವಿ ಬರುವ ಮುಂಚೆಯೂ ಇತ್ತು, ಬಿಟ್ಟ ಮೇಲೂ ಇರುತ್ತೆ. ಶೋ ಇಂದ ರೇಟು ಮೇಲಾಯಿತು, ಅಷ್ಟೇ. ಹೆಸರು ಮಾಡಿ ಆಮೇಲೆ ಕೆಲಸ ಹುಡುಕುವವರಿಗೂ, ಕೆಲಸ ಇಟ್ಟುಕೊಂಡು ಹೆಸರು ಮಾಡುವವರಿಗೂ ಬಾಳ ಫರಕ್ ಐತ್ರಿ.

ಸುಮ್ನೆ_ಓದುಗ

5 ಕೋಟಿ ವೋಟು ಅಂದರೆ 5 ಕೋಟಿ ಗಿರಾಕಿ ಅಲ್ಲ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆಯೇ 6 ಕೋಟಿ 11 ಲಕ್ಷ. ಆ್ಯಪ್‌ನಲ್ಲಿ ಒಬ್ಬರೇ ಹಲವು ವೋಟು ಒತ್ತಬಹುದು. ನಮ್ಮ ಮನೆಯಲ್ಲಿ ಅಜ್ಜಿ, ತಂಗಿ ಇಬ್ಬರೂ ಸ್ಪರ್ಧೆಗೆ ಬಿದ್ದು ಒತ್ತುತ್ತಿದ್ದರು. ಹನುಮಂತನ ಮೇಲೆ ನನಗೂ ಪ್ರೀತಿಯೇ, ಅವನ ಗೆಲುವಿಗೆ ತಕರಾರಿಲ್ಲ. ಆದರೆ ಅಜ್ಜಿ ವೋಟು ಹಾಕಿದರೇ ಹೊರತು ಟಿಕೆಟ್ ತಗೊಂಡು ಯಾವ ಕಾರ್ಯಕ್ರಮಕ್ಕೂ ಹೋಗಲಿಲ್ಲ. ಪುಕ್ಕಟೆ ಪ್ರೀತಿ ಬೇರೆ, ಜೇಬಿನಿಂದ ತೆಗೆದು ಕೊಡುವುದು ಬೇರೆ. ಫಾಲೋವರ್ ಲೆಕ್ಕವನ್ನು ಆದಾಯದ ಕಾಲಂನಲ್ಲಿ ಬರೆದವರೆಲ್ಲ ಎಡವುವುದು ಇಲ್ಲೇ.

ಥೇಮ್ಸ್_ದಂಡೆ

ಇಪ್ಪತ್ತು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ. 'ನಾನೇ ಮಾಲು' ಅನ್ನುವ ಮಾತು ಓದಿದ ಕೂಡಲೇ ಜೇಡ್ ಗುಡಿ ನೆನಪಾದಳು. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಈ ಶೋ ಮೂಲತಃ ಡಚ್ಚರದು, 'ಬಿಗ್ ಬ್ರದರ್', 1999ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾಯಿತು. ಜೇಡ್ ದಕ್ಷಿಣ ಲಂಡನ್ನಿನ ಬಡ ಮನೆಯ ಹುಡುಗಿ. ದಂತ ವೈದ್ಯರ ಹತ್ತಿರ ನರ್ಸ್. 2002ರಲ್ಲಿ ಬ್ರಿಟನ್ನಿನ ಬಿಗ್ ಬ್ರದರ್‌ಗೆ ಹೋದಳು. ಗೆಲ್ಲಲೂ ಇಲ್ಲ, ನಾಲ್ಕನೇ ಸ್ಥಾನ. ಸಾಮಾನ್ಯ ಜ್ಞಾನ ಇಲ್ಲ ಅಂತ ಪತ್ರಿಕೆಗಳು ಹೀಯಾಳಿಸಿದವು. ಅದನ್ನೇ ಬಂಡವಾಳ ಮಾಡಿಕೊಂಡಳು. ಆತ್ಮಕಥೆ, ವ್ಯಾಯಾಮದ ಡಿವಿಡಿ, ಮ್ಯಾಗಜೀನ್ ಕಾಲಂ, 2006ರಲ್ಲಿ ಸ್ವಂತ ಹೆಸರಿನ ಸೆಂಟು. ಸೆಂಟು ಚೆನ್ನಾಗಿ ಮಾರಾಟವಾಗುತ್ತಿತ್ತು. ನಿಮ್ಮ ಹುಡುಗ ಕನಸು ಕಾಣುತ್ತಿರುವುದು ಇದೇ ದಾರಿ.

2007ರ ಜನವರಿಯಲ್ಲಿ ಸೆಲೆಬ್ರಿಟಿ ಬಿಗ್ ಬ್ರದರ್‌ಗೆ ಮತ್ತೆ ಹೋದಳು. ಅಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿ ಇದ್ದರು. ಜೇಡ್ ಮತ್ತು ಅವಳ ಗೆಳತಿಯರು ಶಿಲ್ಪಾ ಅವರನ್ನು ಜನಾಂಗದ ಮಾತು ತೆಗೆದು ಹೀನಾಯವಾಗಿ ನಡೆಸಿಕೊಂಡರು. ಪ್ರಸಾರ ನಿಯಂತ್ರಣ ಸಂಸ್ಥೆಗೆ 40 ಸಾವಿರಕ್ಕೂ ಜಾಸ್ತಿ ದೂರು. ಪ್ರಾಯೋಜಕ ಕಂಪನಿ ಹಿಂದೆ ಸರಿಯಿತು. ಜೇಡ್ ಮನೆಯಿಂದ ಹೊರಗೆ ಬರುವುದರೊಳಗೆ ಅವಳ ಸೆಂಟನ್ನು ಶೆಲ್ಫಿನಿಂದ ಇಳಿಸಲು ಶುರು ಮಾಡಿದ್ದರು. ಸೆಂಟಿನ ವಾಸನೆ ಏನೂ ಬದಲಾಗಿರಲಿಲ್ಲ ನೋಡಿ. ಶಿಲ್ಪಾ ಗೆದ್ದರು, ಅವರಿಗೆ ಜಗತ್ತಿನ ಹೊಸ ಮಾರುಕಟ್ಟೆ ತೆರೆಯಿತು.

2008ರಲ್ಲಿ ಹಿಂದಿ ಬಿಗ್ ಬಾಸ್ ಎರಡನೇ ಸೀಸನ್. ನಿರೂಪಕಿ ಶಿಲ್ಪಾ. ಹೆಸರು ಸರಿ ಮಾಡಿಕೊಳ್ಳಲು ಜೇಡ್ ಅದಕ್ಕೆ ಸ್ಪರ್ಧಿಯಾಗಿ ಬಂದಳು. ಎರಡೇ ದಿನದಲ್ಲಿ, ಮನೆಯೊಳಗೇ, ಗರ್ಭಕೊರಳಿನ ಕ್ಯಾನ್ಸರ್ ಇದೆ ಅಂತ ಅವಳಿಗೆ ತಿಳಿಸಿದರು. 2009ರ ಫೆಬ್ರವರಿಯಲ್ಲಿ ಅವಳ ಮದುವೆಯ ಹಕ್ಕನ್ನು ಪತ್ರಿಕೆಗೂ ಟಿವಿಗೂ ಮಾರಿದಳು. ಇಬ್ಬರು ಮಕ್ಕಳ ಓದಿಗೆ ದುಡ್ಡು ಬೇಕು ಅಂತ ನೇರವಾಗಿ ಹೇಳಿದಳು. ಮಾರ್ಚ್ 22ಕ್ಕೆ ತೀರಿಕೊಂಡಳು. 27 ವರ್ಷ. ಇಲ್ಲಿನ ಜನ ಅವಳನ್ನು ಬೈದಷ್ಟೇ ಅತ್ತರು ಕೂಡ. ಆ ವರ್ಷ ಪರೀಕ್ಷೆ ಮಾಡಿಸಿಕೊಳ್ಳಲು ಹೆಂಗಸರು ಕ್ಲಿನಿಕ್ಕುಗಳಲ್ಲಿ ಸಾಲುಗಟ್ಟಿದ್ದು ನನಗೇ ನೆನಪಿದೆ.

ಅವಳನ್ನು ಮೂರ್ಖಿ ಅಂದವರು ಒಂದು ವಿಷಯ ಮರೆತರು. ಏನೂ ಇಲ್ಲದ ಹುಡುಗಿ ಮಕ್ಕಳಿಗೆ ಆಸ್ತಿ ಮಾಡಿ ಹೋದಳು. ಅದನ್ನು ವ್ಯಾಪಾರ ಅಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ರಜೆ ಇಲ್ಲದ ವ್ಯಾಪಾರ ಅದು.

ಕಬಿನಿ_ಹಿನ್ನೀರು

ನಮ್ಮ ಎಚ್.ಡಿ. ಕೋಟೆಯ ರಾಜೇಶ್ ಕೂಡ ನೆನಪಾಗಬೇಕು. ಕಾಡಂಚಿನ ಹಾಡಿಯ ಹುಡುಗ. 'ಹಳ್ಳಿ ಹೈದ ಪ್ಯಾಟೆಗ್ ಬಂದ' ಗೆದ್ದ, ಸಿನಿಮಾ ಹೀರೋ ಆದ. 2013ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ಹೋಗಿಬಿಟ್ಟ. ಶೋ ಮಾಡಿದವರಿಗೆ ಅದು ಒಂದು ಸೀಸನ್. ಅವನಿಗೆ ಹಿಂದಿರುಗಿ ಹೋಗಲು ಹಳೆ ಬದುಕೂ ಉಳಿದಿರಲಿಲ್ಲ, ಹೊಸದೂ ಕೈಗೆ ಸಿಕ್ಕಿರಲಿಲ್ಲ. ಇದಕ್ಕಿಂತ ಜಾಸ್ತಿ ಬರೆಯಲಾರೆ.

ಟಿಆರ್‌ಪಿ_ತಾತ

ಕಬಿನಿಯವರು ಹೇಳಿದ್ದು ನಿಜ. ಆ ಕಾಲದಲ್ಲಿ ಶೋ ಮುಗಿದ ಮೇಲೆ ಹುಡುಗರ ಗತಿ ಏನು ಅಂತ ಕೇಳುವವರೇ ಇರಲಿಲ್ಲ.

ವ್ಯಾಪಾರ ಯಾರದು ಅಂತ ಕೇಳಿ, ಆಗ ಚಿತ್ರ ಸ್ಪಷ್ಟ ಆಗುತ್ತೆ. ಫಾರ್ಮ್ಯಾಟ್, ಅಂದರೆ ಶೋದ ಮೂಲ ನಮೂನೆಯ ಹಕ್ಕು, ಈಗ ಬನಿಜೇ ಅನ್ನುವ ಕಂಪನಿಯದು. ಯಾರೇ ಗೆಲ್ಲಲಿ, ಅವರಿಗೆ ಲೈಸೆನ್ಸ್ ದುಡ್ಡು. ಚಾನೆಲ್‌ಗೆ ಪ್ರಾಯೋಜಕರು, ಆ್ಯಪ್‌ಗೆ ವೋಟು ಹಾಕಲು ಬರುವ ಜನ. ಶೋ 2013ರಲ್ಲಿ ಈಟಿವಿಯಲ್ಲಿ ಶುರುವಾಯಿತು, 2014ರಲ್ಲಿ ಸುವರ್ಣಕ್ಕೆ ಹೋಯಿತು, ಆಮೇಲೆ ಕಲರ್ಸ್. ಚಾನೆಲ್ ಬದಲಾದರೂ ಸುದೀಪ್ ಬದಲಾಗಲಿಲ್ಲ. ಹನ್ನೊಂದನೇ ಸೀಸನ್ ಕೊನೆ ಅಂದರು, 2025ರಲ್ಲಿ ಮತ್ತೆ ನಾಲ್ಕು ಸೀಸನ್‌ಗೆ ಒಪ್ಪಿದರು. ಈ ಮನೆಯಲ್ಲಿ ಎಲಿಮಿನೇಷನ್ ಇಲ್ಲದವರು ಅವರೊಬ್ಬರೇ.

2025ರ ಅಕ್ಟೋಬರ್‌ನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಆದೇಶದ ಮೇಲೆ ಬಿಡದಿಯ ಸ್ಟುಡಿಯೋಗೆ ಬೀಗ ಬಿತ್ತಲ್ಲ, ನೆನಪಿದೆಯಾ? ಕೊಳಚೆ ನೀರಿನ ವಿಷಯ. ರಾತ್ರೋರಾತ್ರಿ ಸ್ಪರ್ಧಿಗಳನ್ನು ರೆಸಾರ್ಟಿಗೆ ಸಾಗಿಸಿದರು. ಡಿಸಿಎಂ ಮಾತಾಡಿ, ಕೆಲವೇ ದಿನದಲ್ಲಿ ಬೀಗ ತೆಗೆಯಿತು. ಅಷ್ಟು ಬೇಗ ಬೀಗ ತೆಗೆಸಿಕೊಳ್ಳಬಲ್ಲದು ಅಂದರೆ ಅದು ನಿಜವಾದ ದೊಡ್ಡ ಉದ್ಯಮ! ಸ್ಪರ್ಧಿ ಆ ಉದ್ಯಮದ ಒಂದು ಸೀಸನ್ನಿನ ಕಚ್ಚಾ ಮಾಲು. ಇಂಥ ಕಾಂಟ್ರ್ಯಾಕ್ಟುಗಳಲ್ಲಿ ಶೋ ಮುಗಿದ ಮೇಲೂ ಇಷ್ಟು ಕಾಲ ಬೇರೆ ಚಾನೆಲ್‌ಗೆ ಹೋಗಬಾರದು, ಇಷ್ಟು ಕಮಿಷನ್ ಕೊಡಬೇಕು ಅನ್ನುವ ಸಾಲುಗಳು ಇರುತ್ತವೆ. ಓದದೆ ಸಹಿ ಹಾಕುವವರೇ ಜಾಸ್ತಿ.

ಕರಾವಳಿ_ಬಂಗುಡೆ

@ಟಿಆರ್‌ಪಿ_ತಾತ, ಆ ಸಾಲನ್ನು ಪೆನ್ನಿಂದ ಹೊಡೆದು ಹಾಕಿದ ಹೆಂಗಸಿನ ಕಥೆ ಅಮೆರಿಕದಲ್ಲಿದೆ. ಬೆಥೆನಿ ಫ್ರಾಂಕೆಲ್. 2008ರಲ್ಲಿ ನ್ಯೂಯಾರ್ಕ್ ಶ್ರೀಮಂತ ಗೃಹಿಣಿಯರ ರಿಯಾಲಿಟಿ ಶೋ ಸೇರಿದಾಗ ಅವರ ಹತ್ತಿರ ದೊಡ್ಡ ದುಡ್ಡು ಇರಲಿಲ್ಲ. ತನ್ನ ಬಿಸಿನೆಸ್‌ನಲ್ಲಿ ಚಾನೆಲ್‌ಗೆ ಪಾಲು ಅನ್ನುವ ಸಾಲನ್ನು ಒಪ್ಪಲಿಲ್ಲ. ಶೋನಲ್ಲಿ ತಾನು ಕುಡಿಯುವ ಕಮ್ಮಿ ಕ್ಯಾಲರಿಯ ಮಾರ್ಗರೀಟಾ ಬಗ್ಗೆ ಮಾತಾಡಿ ಮಾತಾಡಿ 'ಸ್ಕಿನ್ನಿಗರ್ಲ್' ಬ್ರ್ಯಾಂಡ್ ಕಟ್ಟಿದರು. 2011ರಲ್ಲಿ ಬೀಮ್ ಅನ್ನುವ ಮದ್ಯದ ಕಂಪನಿಗೆ ಮಾರಿದರು. ಪತ್ರಿಕೆಗಳು ಸುಮಾರು 10 ಕೋಟಿ ಡಾಲರ್ ಅಂತ ಬರೆದವು. ಅದಾದ ಮೇಲೆ ಚಾನೆಲ್‌ನವರು ಎಚ್ಚೆತ್ತು ಹೊಸಬರ ಕಾಂಟ್ರ್ಯಾಕ್ಟಿಗೆ ಪಾಲಿನ ಷರತ್ತು ಸೇರಿಸಿದರು. ಅದಕ್ಕೆ ಅವರ ಹೆಸರೇ ಬಿತ್ತು.

ಆ ಶೋ ಅವರಿಗೆ ಕೊಟ್ಟ ಸಂಬಳ ಜುಜುಬಿ. ಅವರು ಸಂಬಳಕ್ಕೆ ಹೋಗಿರಲಿಲ್ಲ.

ಕಾರ್ಡಾಶಿಯನ್ ಮನೆಯವರದ್ದೂ ಅದೇ ದಾರಿ. ತಮ್ಮ ಮನೆಯನ್ನೇ ತೋರಿಸುವ ಅವರ ರಿಯಾಲಿಟಿ ಶೋ 2007ರಿಂದ 2021ರವರೆಗೆ ಓಡಿತು. ಆ ಮನೆಯ ಮಗಳು ಕೈಲಿ ಜೆನ್ನರ್ 2015ರಲ್ಲಿ ಲಿಪ್‌ಸ್ಟಿಕ್ ಕಿಟ್ ಶುರು ಮಾಡಿ, 2019ರಲ್ಲಿ ಶೇ 51 ಪಾಲನ್ನು ಕೋಟಿ ಅನ್ನುವ ಕಂಪನಿಗೆ 60 ಕೋಟಿ ಡಾಲರ್‌ಗೆ ಮಾರುವ ಒಪ್ಪಂದ ಮಾಡಿಕೊಂಡರು. ಅದೇ ವರ್ಷ ಫೋರ್ಬ್ಸ್ ಅವರನ್ನು ಬಿಲಿಯನೇರ್ ಅಂದಿತು, ಮರುವರ್ಷ ಲೆಕ್ಕ ನೋಡಿ ಆ ಪಟ್ಟ ವಾಪಸ್ ತಗೊಂಡಿತು. ಖ್ಯಾತಿಯ ವ್ಯಾಪಾರದಲ್ಲಿ ಲೆಕ್ಕವನ್ನೂ ಸ್ವಲ್ಪ ಮೇಕಪ್ ಹಾಕಿ ಕೂರಿಸುತ್ತಾರೆ.

ಹಂಪಿ_ಎಕ್ಸ್‌ಪ್ರೆಸ್

ಅಮೆರಿಕದ ಕಥೆ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಒಂದು ಶೋ ಇಂಗ್ಲಿಷ್ ಜಗತ್ತಿಗೆಲ್ಲ ಹೋಗುತ್ತೆ. ನಮ್ಮ ಮಾರುಕಟ್ಟೆ ಕನ್ನಡ ಬಲ್ಲವರಷ್ಟೇ. ಬಳ್ಳಾರಿ ದಾಟಿದರೆ ಮುಖ ಗುರುತಿಸುವವರಿಲ್ಲ.

ಇನ್ನು ಜಾಹೀರಾತು ಸಾಲು. ಎರಡು ವರ್ಷದ ಹಿಂದೆ ಯಾವುದೇ ಮಾಜಿ ಸ್ಪರ್ಧಿಯ ಸ್ಟೋರಿ ತೆಗೆದರೂ ರಮ್ಮಿ, ಬೆಟ್ಟಿಂಗ್ ಆ್ಯಪ್. ನನ್ನ ಪ್ರಕಾರ ಮಧ್ಯಮ ದರ್ಜೆ ಸೆಲೆಬ್ರಿಟಿಗಳ ಬಾಡಿಗೆ ಕಟ್ಟುತ್ತಿದ್ದುದೇ ಆ ದುಡ್ಡು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂತು, ದುಡ್ಡು ಕಟ್ಟಿ ಆಡುವ ಆಟಗಳಿಗೆ ನಿಷೇಧ, ಜಾಹೀರಾತು ಮಾಡಿದರೂ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆ ನಲ್ಲಿ ಬಂದ್. ಹಾಗಂತ ರೀಲ್ಸ್‌ಗೆ ಮಸಾಲೆ ಜಾಸ್ತಿ ಮಾಡಲು ಹೋಗಿ ಮಚ್ಚು ಹಿಡಿದು ಪೋಸ್ ಕೊಟ್ಟ ಇಬ್ಬರು ಮಾಜಿ ಸ್ಪರ್ಧಿಗಳು 2025ರ ಮಾರ್ಚ್‌ನಲ್ಲಿ ಪೊಲೀಸ್ ಸ್ಟೇಷನ್ ನೋಡಿದರು. ವ್ಯೂಸ್ ಬೇಕು ಅನ್ನುವ ಒತ್ತಡ ಹಾಗಿರುತ್ತೆ.

ಲೆಕ್ಕಪತ್ರ

ಇದಕ್ಕೆ ಒಂದು ಸಾಲು ಸೇರಿಸುತ್ತೇನೆ. ದುಡ್ಡು ತಗೊಂಡು ಮಾಡಿದ ಪೋಸ್ಟಿಗೆ 'ಇದು ಜಾಹೀರಾತು' ಅಂತ ಹಾಕಲೇಬೇಕು. ತಪ್ಪು ದಾರಿಗೆ ಎಳೆಯುವ ಜಾಹೀರಾತಿನಲ್ಲಿ ಮುಖ ತೋರಿಸಿದವರಿಗೂ ಗ್ರಾಹಕ ಪ್ರಾಧಿಕಾರ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಕೂದಲು ಬರುವ ಎಣ್ಣೆ ಮಾರುವವರು ಓದಿಕೊಳ್ಳಿ.

ತುಮಕೂರು_ಮಾವ

ಎಲ್ಲ ಕಾಮೆಂಟೂ ಅವನಿಗೆ ತೋರಿಸಿದೆ. ಜೇಡ್ ಕಥೆ ಎರಡು ಸಲ ಓದಿದ. ಶೈನ್ ಶೆಟ್ಟಿ ಟ್ರಕ್ ವಿಷಯ ಅವನಿಗೆ ಮೊದಲೇ ಗೊತ್ತಿತ್ತಂತೆ, ಆದರೆ 'ಅವರು ಗೆದ್ದಿದ್ದಕ್ಕೆ ಟ್ರಕ್ ಫೇಮಸ್' ಅಂತ ಮಾತ್ರ ನೋಡಿದ್ದ. ಮೊದಲು ಟ್ರಕ್, ಆಮೇಲೆ ಶೋ ಅನ್ನುವ ಕ್ರಮ ಅವನ ತಲೆಗೆ ಹೋಗಿರಲಿಲ್ಲ. ಕೋಆರ್ಡಿನೇಟರ್ ನಂಬರ್ ಬ್ಲಾಕ್ ಮಾಡಿದ್ದಾನೆ. ಬಿಗ್ ಬಾಸ್ ಆಸೆ ಬಿಟ್ಟಿಲ್ಲ, ಬಿಡು ಅಂತ ನಾನೂ ಹೇಳಲಿಲ್ಲ. ಆದರೆ ಹಿಟ್ಟು ಮುಚ್ಚುವುದಿಲ್ಲವಂತೆ. ರೀಲ್ಸ್‌ನಲ್ಲಿ ಪ್ಯಾಕೆಟ್ ಕಾಣುವ ಹಾಗೆ ಇಡುತ್ತೇನೆ ಅಂದ. ಇಷ್ಟು ದಿನ ಪ್ಯಾಕೆಟ್ ಮೇಲೆ ಹೆಸರೇ ಇರಲಿಲ್ಲ, ಬರೀ ತಾರೀಕಿನ ಸೀಲು! ಈಗ ಹೆಸರು ನೋಂದಣಿ ಹೇಗೆ?

ಲೆಕ್ಕಪತ್ರ

ಟ್ರೇಡ್‌ಮಾರ್ಕ್ ಆನ್‌ಲೈನ್ ಅರ್ಜಿ ಹಾಕಿ. ಒಬ್ಬ ವ್ಯಕ್ತಿಯ ಹೆಸರಲ್ಲಾದರೆ ಒಂದು ವರ್ಗಕ್ಕೆ 4,500 ರೂಪಾಯಿ. ಹಿಟ್ಟು 30ನೇ ವರ್ಗ. ಶೋಗೆ ಹೋಗುವ ಮುಂಚೆ ಮಾಡಿಸಿ. ಹೋದ ಮೇಲೆ ಅವನ ಹೆಸರಲ್ಲಿ ಯಾರ್ಯಾರೋ ಅರ್ಜಿ ಹಾಕಿರುತ್ತಾರೆ. ಆಹಾರ ಸುರಕ್ಷತೆ ಲೈಸೆನ್ಸ್ ಇದೆ ತಾನೆ?

ತುಮಕೂರು_ಮಾವ

ಅದಿದೆ. ಪ್ಯಾಕೆಟ್ ಮೇಲೆ ಅವನ ಮುಖ ಹಾಕಬೇಕು ಅನ್ನುತ್ತಿದ್ದಾನೆ. ಹಾಕಬಹುದಾ?

ಥೇಮ್ಸ್_ದಂಡೆ

ಮುಖ ಬೇಡ, ಹೆಸರು ಸಾಕು. ಸೆಂಟು ಶೆಲ್ಫಿನಿಂದ ಇಳಿದಿದ್ದು ಯಾಕೆ ಅಂತ ಮೇಲೆ ಬರೆದಿದ್ದೇನೆ.

ಬನಶಂಕರಿ_ಬೈಟು

ಎಂಡಿಎಚ್ ಮಸಾಲೆ ಡಬ್ಬಿ ಮೇಲೆ ಪೇಟ ಸುತ್ತಿದ ಅಜ್ಜನ ಮುಖ ಇಲ್ಲವಾ? ಅವರು 2020ರಲ್ಲಿ ಹೋದರು, ಡಬ್ಬಿ ಇನ್ನೂ ಅಂಗಡಿಯಲ್ಲಿದೆ.

ಥೇಮ್ಸ್_ದಂಡೆ

ಆ ಅಜ್ಜ ಮೊದಲು ಮಸಾಲೆ ಮಾರಿದರು, ಆಮೇಲೆ ಮುಖ ಫೇಮಸ್ ಆಯಿತು. ಜೊತೆಗೆ ನೂರು ದಿನ ಕ್ಯಾಮೆರಾ ಮುಂದೆ ಯಾರ ಜೊತೆಗೂ ಜಗಳ ಆಡಲಿಲ್ಲ.

ಪೆಂಡಾಲ್_ಪುರಾಣ

ಮುಖ, ಹೆಸರು ಏನಾದರೂ ಹಾಕಲಿ. ಮಾವ, ಆ ಹಿಟ್ಟು ಮಂಡ್ಯಕ್ಕೆ ಬರುತ್ತಾ? ಮುಂದಿನ ತಿಂಗಳು ಒಂದು ಊರಹಬ್ಬಕ್ಕೆ ದೋಸೆ ಕೌಂಟರ್ ಇದೆ, ರೇಟು ಕಳಿಸಿ.